ಕೊಳವೆಯ ಬಾಯಿಗೆ ಕಟ್ಟಿದ ಗೋಣಿಚೀಲ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಕ್ಯಾರೆಟ್ ತೊಳೆಯುವ ಕಡೆ ನಿಂತವರಿಗೂ ಹೇಳಿದ್ದೇನೆ. ಮದುವೆಯಾಗಿ ವರ್ಷಗಟ್ಟಲೆ ಕಾದ ಮಗಳ ಹೊಟ್ಟೆಯಲ್ಲಿ ಹುಟ್ಟಿದ ಕೂಸು. ಅಂಥ ಕೂಸನ್ನು ನಮ್ಮ ಯಜಮಾನರು ಒಂದು ಗೋಣಿಚೀಲದಿಂದ ಕಳೆದೇಬಿಡುತ್ತಿದ್ದರು. ಅದಕ್ಕೇ ಇದನ್ನು ಬರೆಯುವಾಗ ಸಂತೋಷದ ಮೇಲೆ ಸಿಟ್ಟು ಏರಿ ಕೂತಿದೆ.

ನಮ್ಮ ತೋಟ ಊಟಿಯಿಂದಾಚೆ ತಗ್ಗಿನಲ್ಲಿದೆ. ಚಳಿಗಾಲದಲ್ಲಿ ತಗ್ಗಿಗೇ ಮೊದಲು ಹಿಮ ಬೀಳುವುದು. ಬೆಳಗ್ಗೆ ಎದ್ದರೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ. ಮನೆಯಲ್ಲಿ ಒಂದೇ ಕೋಣೆ. ಮಗಳ ಬಾಣಂತನಕ್ಕೆಂದು ನಮ್ಮ ಅಳಿಯ, ಮಸಿನಗುಡಿಯಲ್ಲಿ ಜೀಪು ಓಡಿಸುವವನು, ಮನೆಗೆ ಅಂಟಿಕೊಂಡಿದ್ದ ಜೀಪ್ ಶೆಡ್ಡನ್ನೇ ಕೋಣೆ ಮಾಡಿದ. ಗ್ಯಾಸ್ ಹೀಟರ್ ತಂದಿಟ್ಟು, ಅದರ ಕೆಟ್ಟ ಗಾಳಿ ಆಚೆ ಹೋಗಲೆಂದು ಗೋಡೆ ಕೊರೆದು ತಗಡಿನ ಕೊಳವೆ ತೂರಿಸಿದ. "ಮಾವ, ಈ ಕೊಳವೆ ಬಾಯಿ ಯಾವಾಗ್ಲೂ ತೆರೆದಿರ್ಬೇಕು" ಎಂದು ನನ್ನ ಎದುರಿಗೇ ಹೇಳಿ ಹೋದ. ಇವರು ತಲೆಯಾಡಿಸಿದರು. ಇವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ನಮ್ಮ ಕಡೆ ಹಿಮ ಬೀಳುವ ಕಾಲಕ್ಕೆ ಸಂಜೆಯಾದರೆ ಗಂಡಸರ ಕೈ ಸುಮ್ಮನಿರುವುದಿಲ್ಲ. ಸಸಿ ಮಡಿಗೆ ಗೋಣಿ, ನೀರಿನ ನಲ್ಲಿಗೆ ಗೋಣಿ, ಎಳೆ ಟೀ ಗಿಡಕ್ಕೆ ಜರೀಗಿಡದ ಸೊಪ್ಪು. ಸಿಕ್ಕಿದ್ದನ್ನೆಲ್ಲ ಹೊದಿಸುತ್ತಾ ಹೋಗುವುದು. ಆವತ್ತು ಸಂಜೆ ಇವರು ಹೂಕೋಸಿನ ಸಸಿಗೆ ಹೊದಿಸಿ ಮುಗಿಸಿದರು. ಒಂದು ಚೀಲ ಉಳಿಯಿತು. ಅದನ್ನು ತಂದು ಹೀಟರಿನ ಕೊಳವೆಯ ಬಾಯಿಗೆ ಬಿಗಿದು ಕಟ್ಟಿದರು. ನಮಗೆ ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ನಾನು ಮೆಣಸಿನ ಕಷಾಯ ತೆಗೆದುಕೊಂಡು ಶೆಡ್ಡಿನ ಬಾಗಿಲು ತೆರೆದೆ. ಕಿಟಕಿಯ ಗಾಜೆಲ್ಲ ಬೆವೆತು ನೀರು ಇಳಿಯುತ್ತಿತ್ತು. ಮಗಳು ಗೋಡೆಗೆ ಒರಗಿ ಕೂತಿದ್ದಳು.

"ಅವ್ವಾ, ತಲೆ ಸಿಡೀತೈತೆ. ಎದ್ದೇಳಕ್ಕಾಗ್ತಿಲ್ಲ."

"ಕೂಸು?"

"ಹಾಲಿಗೂ ಎದ್ದಿಲ್ಲ ನೋಡು, ಚೆನ್ನಾಗಿ ಮಲಗವ್ಳೆ."

ಹಾಲಿಗೆ ಎದ್ದಿಲ್ಲವೆಂದರೆ ಏನರ್ಥ. ಹೊತ್ತು ಹೊತ್ತಿಗೆ ಊರು ಕಿತ್ತುಹೋಗುವಂತೆ ಕಿರುಚುವ ಕೂಸು ಅದು. ಕಷಾಯ ಎಲ್ಲಿ ಬಿತ್ತೋ ನೋಡಲಿಲ್ಲ. ಹೀಟರ್ ಆರಿಸಿದೆ, ಕೂಸನ್ನು ಎದೆಗೆ ಒತ್ತಿಕೊಂಡೆ, ಮಗಳ ರಟ್ಟೆ ಹಿಡಿದು ಎಳೆದುಕೊಂಡು ಅಂಗಳಕ್ಕೆ ಬಂದೆ. ಕೂಸು ಬಟ್ಟೆಗಂಟಿನಂತೆ ನನ್ನ ತೋಳಿನಲ್ಲಿ ಬಿದ್ದಿತ್ತು. ಅಂಗಾಲು ತಟ್ಟಿದೆ, ಮತ್ತೆ ತಟ್ಟಿದೆ. ಚಳಿಗಾಳಿ ಮುಖಕ್ಕೆ ಬಡಿದ ಮೇಲೆ ಒಂದು ಸಲ ಬಾಯಿ ತೆರೆಯಿತು. ಆಮೇಲೆ ಅಳು ಬಂತು, ಗಿಡದ ಮೇಲಿನ ಹಕ್ಕಿಗಳು ಏಳುವಂಥ ಅಳು. ಅಳು ಕೇಳಿ ನಾನು ನಕ್ಕೆ, ಆಮೇಲೆ ಅತ್ತೆ.

ಕೊಳವೆಯ ಕಡೆ ಕಣ್ಣು ಹೋದದ್ದು ಆಗ. ಒಳಗಿನ ಹಬೆಯಲ್ಲಿ ನೆನೆದ ಗೋಣಿ, ಹಿಮಕ್ಕೆ ಹೆಪ್ಪುಗಟ್ಟಿ ಹಲಗೆಯಾಗಿತ್ತು. ಕೊಳವೆಗೆ ಬಿರಡೆ ಜಡಿದ ಹಾಗೆ. ಕೈಯಲ್ಲಿ ಎಳೆದರೆ ಬರಲಿಲ್ಲ, ಕಲ್ಲು ತೆಗೆದುಕೊಂಡು ಕುಟ್ಟಿದೆ. ಸದ್ದಿಗೆ ಇವರು ತೋಟದಿಂದ ಬಂದರು.

"ಯಾಕೆ ಕೀಳ್ತೀಯೆ? ಕೊಳವೆಯಾಗೆ ಚಳಿ ಬತ್ತದೆ, ಕೂಸಿಗೆ ಅಂತ ನಾನೇ ಕಟ್ಟಿದ್ದು."

"ಕೂಸಿಗೆ ಅಂತ?"

"ಹೂಕೋಸಿಗೆ ಹೊದಿಸಕ್ಕಿಲ್ವಾ, ಹಂಗೇ."

"ಹೂಕೋಸು ಉಸಿರು ಕಟ್ಟಿ ಸತ್ರೆ ಇನ್ನೊಂದು ನಾಟಿ ಹಾಕ್ತೀರಿ. ಇವಳ್ನ ಎಲ್ಲಿಂದ ತತ್ತೀರಿ, ಹೇಳಿ."

ಮಗಳು ಅಂಗಳದ ಕಲ್ಲಿನ ಮೇಲೆ ವಾಂತಿ ಮಾಡುತ್ತಿದ್ದಳು.

ಪಕ್ಕದವರ ವ್ಯಾನಿನಲ್ಲಿ ಊಟಿ ಆಸ್ಪತ್ರೆಗೆ ಹೋದೆವು. ಇಬ್ಬರಿಗೂ ಮೂಗಿಗೆ ಕೊಳವೆ ಇಟ್ಟು ಗಾಳಿ ಕೊಟ್ಟರು. ಸಂಜೆಗೆ, ಅಪಾಯ ಇಲ್ಲ ಅಂದರು. ಆ ಮಾತು ಬರುವ ತನಕ ನಾನು ಬೈದುಕೊಂಡೇ ಕೂತಿದ್ದೆ. ಬೈಯುವುದು ನಿಲ್ಲಿಸಿದ್ದರೆ ಬೇರೇನಾದರೂ ಯೋಚನೆ ಬಂದುಬಿಡುತ್ತಿತ್ತು.

ಸುದ್ದಿ ಕೇಳಿ ಅಳಿಯ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿ ಬಂದ. ಮಾವನಿಗೆ ಒಂದು ಮಾತೂ ಆಡಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು. ಕೊಳವೆಯ ತುದಿ ಕೆಳಮುಖವಾಗಿ ಬಾಗಿಸಿ, ಹಬೆಯ ನೀರು ನಿಲ್ಲದೆ ಆಚೆ ತೊಟ್ಟಿಕ್ಕುವಂತೆ ಇಳಿಜಾರು ಕೊಟ್ಟು, ಅದರ ಬಾಯಿಗೆ ತಾಗದಂತೆ ಮೇಲೆ ತಗಡಿನ ಸಣ್ಣ ಸೂರು ಇಳಿಸಿದ. "ಅತ್ತೆ, ಕಿಟಕಿ ಒಂದು ಅಂಗೈಯಗಲ ತೆರೆದೇ ಇರ್ಲಿ" ಅಂದ. ಕೂಸು ನೋಡಲು ಬಂದ ಹೆಂಗಸರು, ಬಾಣಂತಿ ಕೋಣೆಗೆ ಗಾಳಿಯಾ ಎಂದು ಮೂಗು ಮುರಿದರು. ಗಾಳಿ ಬೇಡದವರು ಆಚೆ ಕೂತು ನೋಡಿ ಎಂದೆ. ಒಬ್ಬಳು ಇನ್ನೂ ಮಾತಾಡಿಸುವುದಿಲ್ಲ. ಬೇಡ ಬಿಡಿ.

ಇವರಿಗೆ ಮಾತ್ರ ನಾನು ಕೂಸನ್ನು ಕೊಡಲಿಲ್ಲ. ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಬೆಳಗ್ಗೆ ಎದ್ದವರೇ ಹೋಗಿ ಕೊಳವೆಯ ತುದಿಗೆ ಕೂತ ಹಿಮವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಒಳಗೆ ಕೂಸು ಅತ್ತರೆ ಒರೆಸುವ ಕೈ ಅಲ್ಲೇ ನಿಲ್ಲುತ್ತಿತ್ತು. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಬೇಕೆಂದು ಯಾರು ಹೇಳಿದ್ದು.

ನಿನ್ನೆ ಬಿಸಿಲು ಬಿದ್ದ ಮೇಲೆ ನಾನು ಅಡುಗೆಮನೆಯಿಂದ ಬಗ್ಗಿ ನೋಡಿದರೆ ಮಗಳು ನನ್ನನ್ನು ಕೇಳದೆ ಕೂಸನ್ನು ಅಪ್ಪನ ತೊಡೆಯ ಮೇಲೆ ಹಾಕಿದ್ದಳು. ಅವರು ಉಸಿರಾಡುವುದನ್ನೇ ಮರೆತವರಂತೆ ಕೂತಿದ್ದರು. ಸೌಟು ಹಿಡಿದೇ ಓಡಿದೆ.

"ಕತ್ತು ಹಿಡೀರಿ, ಕತ್ತು. ಅದ್ನೂ ನಾನೇ ಹೇಳ್ಬೇಕಾ?"

ಹಿಡಿದರು. ಕೂಸನ್ನು ಕಿತ್ತುಕೊಳ್ಳಲೆಂದೇ ನಾನು ಹೋದದ್ದು. ಒಲೆಯ ಮೇಲೆ ಹಾಲಿತ್ತು, ಹಿಂದಕ್ಕೆ ಬಂದೆ.