ಕ್ಷೇತ್ರಕಾರ್ಯದಲ್ಲಿ ನಪಾಸು

ಆಪ್ತಸಮಾಲೋಚನೆಯಲ್ಲಿ ಎಂ.ಎ. ಓದುತ್ತಿದ್ದಾಗ ಕ್ಷೇತ್ರಕಾರ್ಯಕ್ಕೆಂದು ನನ್ನನ್ನು ಗಂಗಾವತಿಯ ಒಂದು ಆಸ್ಪತ್ರೆಗೆ ಹಾಕಿದ್ದರು. ನಮ್ಮೂರು ಭಾಗ್ಯನಗರದಿಂದ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಮಾರ್ಗದರ್ಶಕರು ತರಗತಿಯಲ್ಲಿ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು: ಆಘಾತ ಅನುಭವಿಸಿದವರನ್ನು ಕೆದಕಬಾರದು, ಅವರಾಗಿಯೇ ಬಾಯಿ ಬಿಡುವವರೆಗೆ ಕಾಯಬೇಕು. ನಾನು ಅದನ್ನು ನಂಬಿದೆ. ಅವರೇ ನಂಬಿರಲಿಲ್ಲ.

ನನ್ನ ಹತ್ತಿರ ಬರುತ್ತಿದ್ದವಳು ಪಕ್ಕದ ಮರಳಿ ಎಂಬ ಹಳ್ಳಿಯ ಹೆಂಗಸು, ಭತ್ತದ ನಾಟಿಗೆ ಕೂಲಿ ಹೋಗುವವಳು. ಹಿಂದಿನ ವರ್ಷ ಗಂಡ ಅವಳ ಕೈ ಮುರಿದಿದ್ದ. ಮೂಳೆ ಕೂಡಿತ್ತು, ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಮೊದಲ ದಿನ ಬಾಗಿಲಿಗೆ ಬೆನ್ನು ಮಾಡಿ ಕೂರಲಾರದೆ ಹೊರಳಿ ಹೊರಳಿ ನೋಡುತ್ತಿದ್ದಳು. ಕುರ್ಚಿ ತಿರುಗಿಸಿ ಕೊಟ್ಟೆ. ಐದು ವಾರ ಅವಳು ತನ್ನ ಎಮ್ಮೆಯ ಬಗ್ಗೆ, ತವರಿನ ಬಗ್ಗೆ, ಕೆಸರಿನಲ್ಲಿ ಬಿರಿದ ಕಾಲ್ಬೆರಳ ಬಗ್ಗೆ ಮಾತಾಡಿದಳು. ಕೈ ಮುರಿದ ದಿನದ ಬಗ್ಗೆ ನಾನು ಕೇಳಲಿಲ್ಲ.

ಆರನೇ ವಾರ ಮಾರ್ಗದರ್ಶಕರು ನನ್ನ ಕೆಲಸ ನೋಡಲು ಬಂದರು. ಹತ್ತು ನಿಮಿಷ ಗಡಿಯಾರ ನೋಡುತ್ತ ಕೂತು, ನನ್ನನ್ನು ದಾಟಿ ಅವಳನ್ನೇ ಕೇಳಿದರು: “ಎಮ್ಮಿ ಮಾತು ಸಾಕವ್ವಾ. ಅವತ್ತು ನಿನ್ನ ಗಂಡ ಏನ್ ಮಾಡಿದ? ಮೊದಲಿಂದ ಹೇಳು.”

ಅವಳು ಎದ್ದು ನಿಂತಳು. “ಪೊಲೀಸರಿಗೆ ಹೇಳೀನಿ, ಡಾಕ್ಟರಿಗೆ ಹೇಳೀನಿ, ಹೋದ ವರ್ಷ ಬಂದಿದ್ದ ನಿಮ್ಮ ಹುಡುಗ್ಯಾರಿಗೂ ಹೇಳೀನ್ರಿ. ಎಲ್ಲಾರೂ ಬರಕೊಂಡು ಹೋದ್ರು.” ನನ್ನತ್ತ ತಿರುಗಿದಳು. “ನೀನೂ ಇದಕ್ಕ ನನ್ನ ಕುಂದ್ರಿಸಿಕೊಂಡಿದ್ದೇನು, ತಂಗಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹೋಗಿಬಿಟ್ಟಳು.

“ಐದು ವಾರ ಬರೇ ಹರಟಿ ಹೊಡದಿ,” ಎಂದರು ಮಾರ್ಗದರ್ಶಕರು. “ವರದಿಯೊಳಗ ಬರಿಯಾಕ ಏನೈತಿ?”

“ನೀವು ಕಲಿಸಿದ್ದು ನಿಮಗ ತಿಳಿದಿಲ್ಲೇನ್ರಿ, ಸರ್?” ಎಂದೆ. ನನ್ನ ದನಿಗೆ ಹೊರಗೆ ಸಾಲಿನಲ್ಲಿದ್ದವರು ಇಣುಕಿದರು.

ಮುಂದಿನ ವಾರ ಅವಳು ಬರಲಿಲ್ಲ. ವಿಚಾರಿಸಿಕೊಂಡು ಮರಳಿಗೆ ಹೋದೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ನನ್ನನ್ನು ಕಂಡದ್ದೇ ಓಡಿಬಂದಳು.

“ಯಾಕ ಬಂದಿ? ಅವ ಬರೋ ಹೊತ್ತಾತು. ಆಸ್ಪತ್ರಿಯವರು ಮನಿ ಮಟ ಬಂದಾರಂತ ಗೊತ್ತಾದ್ರ ಇನ್ನೊಂದು ಕೈನೂ ಹೋಗ್ತೈತಿ. ನಡಿ, ನಡಿ.”

ಅದು ನನಗೆ ಹೊಳೆದೇ ಇರಲಿಲ್ಲ. ಬಸ್ಸಿಗೆ ಕಾಯದೆ ಕಾಲುವೆ ದಂಡೆ ಹಿಡಿದು ನಡೆದೆ. ಮಾರ್ಗದರ್ಶಕರ ಮೇಲೆ ಎಷ್ಟು ಸಿಟ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ಮತ್ತೆ ಅವಳನ್ನು ನೋಡಲಿಲ್ಲ.

ಕ್ಷೇತ್ರಕಾರ್ಯದಲ್ಲಿ ಮಾರ್ಗದರ್ಶಕರು ನನ್ನನ್ನು ನಪಾಸು ಮಾಡಿದರು. ‘ಬಂದವರನ್ನು ಮಾತಾಡಿಸಲು ಬಾರದು’ ಎಂದು ಷರಾ ಬರೆದಿದ್ದರು. ಇನ್ನೊಂದು ವರ್ಷ ಕುಷ್ಟಗಿಯಲ್ಲಿ, ಬೇರೆಯವರ ಕೈಕೆಳಗೆ ದುಡಿದು ಪಾಸಾದೆ. ಅಂಕಪಟ್ಟಿ ಕೊಡುವಾಗ ಅದೇ ಮನುಷ್ಯ ನಕ್ಕು, “ಈಗರ ಕಲತಿ ಹೌದಿಲ್ಲೋ?” ಎಂದರು. ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ಬಂದೆ.