ಹರಿಯದ ಪ್ಯಾಂಟು

ಗಂಡನ ಪ್ಯಾಂಟು ಹರಿಯದೆ ಮೂರು ತಿಂಗಳಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಸದ್ಯ ಸೂಜಿದಾರದ ಕೆಲಸ ತಪ್ಪಿತು ಎಂದುಕೊಳ್ಳುತ್ತಿದ್ದರೇನೋ. ಇವಳ ತಲೆಗೆ ಹುಳ ಹೊಕ್ಕಿತು.

ಕಾಡಿನ ನಡುವಿನ ಶಿಬಿರದಲ್ಲಿ ಅವಳದು ಹನ್ನೊಂದು ವರ್ಷದಿಂದ ಅಡುಗೆ, ಅವನದು ದಾರಿ ತೋರಿಸುವ ಕೆಲಸ. ದೂರದಿಂದ ಬಂದ ಚಾರಣಿಗರನ್ನು ಬೆಳಿಗ್ಗೆ ಗುಡ್ಡ ಹತ್ತಿಸಿ, ಮರಗಳ ತಲೆ ಮೀರಿ ನಿಂತ ಸುಣ್ಣಕಲ್ಲಿನ ಕೋಡುಗಳನ್ನು ತೋರಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಇಳಿಸಿಕೊಂಡು ಬರುತ್ತಿದ್ದ. ಆ ಕಲ್ಲಿನ ಅಂಚು ಕತ್ತಿಯಂತೆ. ಹತ್ತಿದವರ ಮೊಣಕಾಲಿನ ಬಟ್ಟೆ ಸೀಳದೆ ಬಿಡದು. ಕೋಡುಗಳನ್ನು ಅವಳು ಕಣ್ಣಾರೆ ಕಂಡವಳಲ್ಲ, ತೇಪೆ ಹಾಕಿಯೇ ಬಲ್ಲಳು. ಅದು ಹೆಂಗಸರು ಹತ್ತುವ ಜಾಗವಲ್ಲ ಎಂದು ಅವನು ಹೇಳುತ್ತಿದ್ದ, ಚಾರಣಿಗರಲ್ಲಿ ಅರ್ಧಕ್ಕರ್ಧ ಹೆಂಗಸರೇ ಇದ್ದರೂ.

ಈಗ ಒಗೆಯಲು ಬರುವ ಪ್ಯಾಂಟಿನ ಮೊಣಕಾಲು ಗಟ್ಟಿಮುಟ್ಟಾಗಿತ್ತು, ಹಿಂಭಾಗದಲ್ಲಿ ಮಾತ್ರ ಪಾಚಿಯ ಹಸಿರು. ಅಂದರೆ ಎಲ್ಲೋ ಕೂರುತ್ತಾನೆ. ಯಾರ ಜೊತೆ? ಹೊಳೆಯಾಚೆ ಸಾಮಾನು ಹೊರುವವರ ಗುಡಿಸಲುಗಳಿದ್ದವು. ಅಲ್ಲೊಬ್ಬಳು ಗಂಡ ಸತ್ತವಳು, ನಗುಮುಖದವಳು. ಕೇಳಿದ್ದಕ್ಕೆ, ಹುಷಾರಾಗಿ ಹತ್ತುತ್ತೇನೆ ಕಣೇ, ನಿನಗೆ ಕೆಲಸ ಕಡಿಮೆಯಾದರೂ ತಪ್ಪೇ ಎಂದ. ಹೆಂಡತಿಯ ಕೆಲಸದ ಚಿಂತೆ ಅವನಿಗೆ ಹೀಗೆ ಇದ್ದಕ್ಕಿದ್ದಂತೆ ಹುಟ್ಟಿದ್ದೇ ಅವಳ ಗುಮಾನಿಗೆ ಎಣ್ಣೆ ಹೊಯ್ದಿತು.

ಒಂದು ಬೆಳಿಗ್ಗೆ ಒಲೆ ಹಚ್ಚದೆ ಗಂಡನ, ಚಾರಣಿಗರ ಬೆನ್ನು ಹತ್ತಿದಳು. ಬೇರು ಹಿಡಿದು, ಜಿಗಣೆ ಕಿತ್ತೆಸೆಯುತ್ತ ಎರಡು ಗಂಟೆ ಏರಿದಳು. ಹೊಳೆಯತ್ತ ಹೋಗುವ ಕವಲುದಾರಿ ಬಂದಾಗ ಬಗ್ಗಿ ನೆಲ ನೋಡಿದಳು. ಕೆಸರಿನ ಹೆಜ್ಜೆಗಳು ಆ ಕಡೆ ತಿರುಗಿರಲಿಲ್ಲ. ಅಷ್ಟಕ್ಕೇ ನಂಬುವವಳಲ್ಲ, ಮುಂದೆ ನಡೆದಳು.

ಬಂಡೆಗೆ ಬಿಗಿದ ಕಬ್ಬಿಣದ ಏಣಿಯ ಬುಡದಲ್ಲಿ ಗಂಡ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಬೆಚ್ಚಿದ. ಚಾರಣಿಗರು ಮೇಲೆ ಹೋಗಿದ್ದಾರೆ, ದಾರಿ ಒಂದೇ ಅಲ್ಲವೇ ಎಂದ. ಎಡ ಮಂಡಿ ನೋವು ಎಂದ. ನೀವಿಕೊಳ್ಳುತ್ತಿದ್ದುದು ಬಲ ಮಂಡಿ. ಅವಳು ಸುತ್ತಲಿನ ಪೊದೆಗಳನ್ನೂ ಸರಿಸಿ ನೋಡಿದಳು.

"ಯಾರವಳು?"

ಅವನು ಮಂಡಿ ನೀವುವುದನ್ನು ಬಿಟ್ಟ. "ಯಾರೂ ಇಲ್ಲ ಕಣೇ. ಹತ್ತೋಕೆ ಭಯ ಆಗತ್ತೆ. ಮೂರು ತಿಂಗಳ ಹಿಂದೆ ಈ ಏಣಿ ಮೇಲೆ ಕಾಲು ಜಾರಿತ್ತು, ಆಗಿಂದ."

ಗಂಡಸಿಗೆ ಇದಕ್ಕಿಂತ ಇನ್ನೊಬ್ಬಳಿದ್ದಾಳೆ ಎನ್ನುವುದೇ ಸುಲಭವಿತ್ತು. ಅದಕ್ಕೇ ಅವಳು ನಂಬಿದಳು. ಯಾರಿಗೂ ಹೇಳಬೇಡ ಎಂದು ಅವನು ಕೈ ಹಿಡಿದುಕೊಂಡ. ಮೇಲೆ ಎಷ್ಟು ಜನ ಎಂದು ಕೇಳಿದಳು. ಆರು.

"ಕೈ ಬಿಡಿ. ದಾರಿ ಗೊತ್ತಿಲ್ಲದ ಆರು ಜನ ಅಲ್ಲಿದಾರೆ. ನೀವು ಇಳಿದು ಅಡುಗೆ ನೋಡಿ."

ಕೆಳಗೆ ನೋಡದೆ ಏಣಿ ಹತ್ತಿದಳು. ಮೇಲೆ, ಹಸಿರಿನ ನಡುವೆ, ಮರಗಳನ್ನೂ ಮೀರಿದ ಬೂದು ಕೋಡುಗಳು ಸಾಲುಸಾಲಾಗಿ ನಿಂತಿದ್ದವು. ಅವಳು ಮೊದಲು ತಲೆ ಎಣಿಸಿದಳು: ಆರೂ ಇದ್ದವು. ಅವರಲ್ಲೊಬ್ಬ ಅವಳ ಗುರುತು ಹಿಡಿದು, ಅಡುಗೆಯವರು ಇಲ್ಲಿಗೇ ಬಂದರಲ್ಲ, ಮಧ್ಯಾಹ್ನಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದ.

"ಇವತ್ತು ನಮ್ಮನೆಯವರು ಮಾಡ್ತಿದಾರೆ," ಎಂದಳು. "ಏನು ಮಾಡ್ತಾರೋ, ನಂಗೂ ಅನುಮಾನವೇ."