ನೀರಿನಲ್ಲಿ ಮೋತ್ಯಾನ ಕಾಲು

ಕುರಿಗಳ ಹಿಂದೆಯೇ ತಲೆ ನೆರೆಸಿಕೊಂಡ ದಡ್ಡಿ ಊರಿನ ಸತ್ತೆವ್ವನ ಬಾಯಿ ಜೋರು; ಆದರೆ ಹಟ್ಟಿ ಕಾಯುವ ನಾಯಿ ಮೋತ್ಯಾ ಅಂದರೆ ಅವಳಿಗೆ ಜೀವ. ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಸೊಂಟದ ಮೇಲೆ ಹಾದು ಅದರ ಹಿಂಗಾಲುಗಳು ಸತ್ತುಹೋದವು. ನೀರಿನಲ್ಲಿ ನಿಲ್ಲಿಸಿ ಕಾಲು ಆಡಿಸುವುದನ್ನು ಹುಕ್ಕೇರಿಯ ದನದ ಡಾಕ್ಟರು ಹೇಳಿಕೊಟ್ಟರು. ಅಂದಿನಿಂದ ಅವಳು ದಿನಾ ಹಳೇ ಸೀರೆಯ ಜೋಲಿಯಲ್ಲಿ ಅದನ್ನು ಘಟಪ್ರಭೆಗೆ ಇಳಿಸಿ, ಸೈಕಲ್ ತುಳಿಸಿದಂತೆ ಕಾಲುಗಳನ್ನು ಮಡಚಿ ಬಿಡಿಸುತ್ತಿದ್ದಳು. ಕೈಬಿಟ್ಟರೆ ಅವು ಸೆಳವಿಗೆ ತೇಲುತ್ತಿದ್ದವು, ಅಷ್ಟೇ.

"ಇನ್ನ ಸಾಕ ಮಾಡ. ನೀರಾಗ ನಿಂತ ನಿಂತ ನಿನ್ನ ಕಾಲೂ ಹೋಗತಾವ," ಎಂದ ಗಂಡ ಕಲ್ಲಪ್ಪ.

"ಸುಮ್ನ ಕುಂದರ್ರಿ. ಕುಂಟ ಕುರಿಗೆ ಮಾಡೂದನ್ನ ಇದಕ್ಕ ಮಾಡಿಲ್ಲ, ಅದಕ್ಕ ಎದ್ದಿಲ್ಲ," ಎಂದು ಸತ್ತೆವ್ವ ಕುಡುಗೋಲನ್ನು ಒಲೆಯಲ್ಲಿಟ್ಟಳು. ಬರೆ ಹಾಕಿದರೆ ಉರಿ ತಾಳದೆ ಕುರಿ ಎದ್ದು ಓಡುತ್ತದೆ ಎಂಬುದು ಅವರ ಹಟ್ಟಿಯ ನಂಬಿಕೆ.

ಮೋತ್ಯಾನ ಮುಂದೆ ರೊಟ್ಟಿ ಹಾಕಿ, ಹಲ್ಲು ಕಚ್ಚಿ, ಹಿಂದಿನ ತೊಡೆಯ ಮೇಲೆ ಬರೆ ಎಳೆದಳು. ಕೂದಲು ಸುಟ್ಟ ವಾಸನೆ ಅಂಗಳ ತುಂಬಿತು. ಮೋತ್ಯಾ ತಲೆ ಎತ್ತದೆ ರೊಟ್ಟಿ ತಿಂದು ಮುಗಿಸಿ, ಇನ್ನೊಂದು ಸಿಕ್ಕೀತೇನೋ ಎಂದು ಅವಳ ಮುಖ ನೋಡಿತು.